ಆಟಿಕೆ ಇಟ್ಟಿಗೆಯ ಸೇನಾ ಮಾದರಿಗಳು

ಒಂದಕ್ಕೊಂದು ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಟ್ಯಾಂಕ್, ಕವಚವಾಹನ, ಸೇನಾ ಲಾರಿ, ಯುದ್ಧವಿಮಾನ, ಹೆಲಿಕಾಪ್ಟರ್ ಮುಂತಾದವುಗಳ ಕಿರುರೂಪ ಕಟ್ಟುವ ಹವ್ಯಾಸ. ಇದಕ್ಕೆ ಅಂಟು ಬೇಡ, ಮೊಳೆ ಬೇಡ, ಬಣ್ಣ ಬಳಿಯುವ ಕೆಲಸವೂ ಇಲ್ಲ. ಇಂದು ಟ್ಯಾಂಕ್ ಆಗಿದ್ದ ಇಟ್ಟಿಗೆಗಳನ್ನು ನಾಳೆ ಬಿಚ್ಚಿ ವಿಮಾನ ಮಾಡಬಹುದು. ಮಕ್ಕಳು ಯಾವ ಕಂಪನಿಯ ಇಟ್ಟಿಗೆಯನ್ನಾದರೂ ಲೆಗೋ ಎಂದೋ ಬ್ಲಾಕ್ಸ್ ಎಂದೋ ಕರೆಯುತ್ತಾರೆ. ಜಗತ್ತಿನ ಹಲವು ದೇಶಗಳಲ್ಲಿ ಮಕ್ಕಳಷ್ಟೇ ಶ್ರದ್ಧೆಯಿಂದ ದೊಡ್ಡವರೂ ಇದರಲ್ಲಿ ತೊಡಗಿದ್ದಾರೆ.

ಈ ಹವ್ಯಾಸಕ್ಕೆ ಬೇಕಾದ ಕಥೆ, ಯಂತ್ರ ಮತ್ತು ವೀರಪರಂಪರೆ ಕರ್ನಾಟಕದಲ್ಲಿ ಧಾರಾಳವಾಗಿವೆ. ಬೆಂಗಳೂರು ಯುದ್ಧವಿಮಾನ ಕಟ್ಟುವ ಊರು. ಕೊಡಗು ಯೋಧರ ನಾಡು. ತಡಿಯಂಡಮೋಳ್ ಬೆಟ್ಟದ ಮಗ್ಗುಲಲ್ಲಿರುವ ಕಕ್ಕಬೆಯಂಥ ಹಳ್ಳಿಯಲ್ಲೂ ಸೇನೆಯ ನಂಟು ದೂರದ ಸುದ್ದಿಯಲ್ಲ. ಹೀಗಿದ್ದೂ ನಮ್ಮ ಮಕ್ಕಳ ಕೈಗೆ ಬರುವ ಸೇನಾ ಆಟಿಕೆಗಳು ಹೆಚ್ಚಾಗಿ ಅಮೆರಿಕ, ಜರ್ಮನಿ, ರಷ್ಯಾಗಳ ಯಂತ್ರಗಳ ನಕಲುಗಳು. ನಮ್ಮ ನೆಲದ ಯಂತ್ರಗಳನ್ನು ಬಿಡಿ ಇಟ್ಟಿಗೆಗಳಿಂದ ನಾವೇ ಕಟ್ಟಲು ಸಾಧ್ಯವಿದೆ. ಹಾಗೆ ಕಟ್ಟುವ ಮಗು ತನ್ನ ಚರಿತ್ರೆಯನ್ನೂ ಎಂಜಿನಿಯರಿಂಗ್‌ನ ಮೊದಲ ಪಾಠಗಳನ್ನೂ ಒಟ್ಟಿಗೆ ಕಲಿಯುತ್ತದೆ.

ಇಟ್ಟಿಗೆಯ ಹುಟ್ಟು

ಕಟ್ಟುವ ಆಟಿಕೆಗೂ ವಿಮಾನಕ್ಕೂ ಮೊದಲಿನಿಂದಲೇ ಸಂಬಂಧವಿದೆ. 19ನೆಯ ಶತಮಾನದ ಮೊದಲರ್ಧದಲ್ಲಿ ಜರ್ಮನಿಯ ಶಿಕ್ಷಣತಜ್ಞ ಫ್ರೆಡ್ರಿಕ್ ಫ್ರೋಬೆಲ್ ಮರದ ಘನಗಳನ್ನು ಶಿಶುವಿಹಾರದ ಕಲಿಕೆಗೆ ತಂದರು. ಅದೇ ದೇಶದ ಒಟ್ಟೊ ಲಿಲಿಯೆಂಟಾಲ್ ಮತ್ತು ಅವರ ತಮ್ಮ ಗುಸ್ಟಾವ್ ಮರಳು, ಸೀಮೆಸುಣ್ಣದ ಪುಡಿ ಮತ್ತು ಅಗಸೆ ಎಣ್ಣೆಯನ್ನು ಬೆರೆಸಿ ಕಲ್ಲಿನಂತೆ ಗಟ್ಟಿಯಾದ ಆಟಿಕೆ ಇಟ್ಟಿಗೆ ತಯಾರಿಸಿದರು. 1880ರಲ್ಲಿ ಅದರ ಹಕ್ಕನ್ನು ಉದ್ಯಮಿ ರಿಕ್ಟರ್‌ಗೆ ಮಾರಿದರು. ಆ ಇಟ್ಟಿಗೆಗಳು ‘ಆಂಕರ್’ ಹೆಸರಿನಲ್ಲಿ ಯೂರೋಪಿನ ಮನೆಮನೆಗಳನ್ನು ಸೇರಿದವು. ಒಟ್ಟೊ ಮುಂದೆ ಎಂಜಿನ್ ಇಲ್ಲದ ಗ್ಲೈಡರ್‌ಗಳಲ್ಲಿ ಗುಡ್ಡದ ಮೇಲಿಂದ ಹಾರಿ, ಮಾನವ ಹಾರಾಟದ ಆದ್ಯರಲ್ಲೊಬ್ಬರೆನಿಸಿ, 1896ರಲ್ಲಿ ಅಂಥದೇ ಒಂದು ಹಾರಾಟದಲ್ಲಿ ಬಿದ್ದು ತೀರಿಕೊಂಡರು.

1901ರಲ್ಲಿ ಇಂಗ್ಲೆಂಡಿನ ಫ್ರಾಂಕ್ ಹಾರ್ನ್‌ಬಿ ತೂತು ಕೊರೆದ ಲೋಹದ ಪಟ್ಟಿಗಳನ್ನು ನಟ್ಟು ಬೋಲ್ಟಿನಿಂದ ಜೋಡಿಸುವ ಆಟಿಕೆಗೆ ಪೇಟೆಂಟ್ ಪಡೆದರು. ಅದೇ ಮೆಕಾನೊ. ಅದೇ ಬಗೆಯ ‘ಮೆಕಾನಿಕ್ಸ್’ ಪೆಟ್ಟಿಗೆಗಳನ್ನು ಭಾರತದ ಹಲವು ತಲೆಮಾರಿನ ಮಕ್ಕಳು ಬಲ್ಲರು. ಕ್ರೇನು, ಲಾರಿ, ವಿಮಾನಗಳನ್ನು ಸ್ಕ್ರೂಡ್ರೈವರ್ ಹಿಡಿದು ಕಟ್ಟಿದ ಅನುಭವ ನಮ್ಮ ಮಧ್ಯಮವರ್ಗದ ಮನೆಗಳಿಗೆ ಹೊಸದಲ್ಲ.

ಒಂದರ ಮೇಲೊಂದು ಕೂತು ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಇಟ್ಟಿಗೆಯನ್ನು ಇಂಗ್ಲೆಂಡಿನ ಹಿಲರಿ ಫಿಶರ್ ಪೇಜ್ ತಮ್ಮ ಕಿಡ್ಡಿಕ್ರಾಫ್ಟ್ ಕಂಪನಿಯ ಮೂಲಕ 1940ರ ದಶಕದಲ್ಲಿ ಮಾರುಕಟ್ಟೆಗೆ ತಂದರು. ಡೆನ್ಮಾರ್ಕಿನ ಬಿಲ್ಲುಂಡ್ ಊರಿನ ಬಡಗಿ ಓಲೆ ಕಿರ್ಕ್ ಕ್ರಿಶ್ಚಿಯನ್ಸೆನ್ 1932ರಲ್ಲಿ ಮರದ ಆಟಿಕೆ ಮಾಡುವ ಕಾರ್ಖಾನೆ ಆರಂಭಿಸಿದ್ದರು. ಅದೇ ಲೆಗೋ. ಕಿಡ್ಡಿಕ್ರಾಫ್ಟ್ ಮಾದರಿಯನ್ನು ನೋಡಿ ಆ ಕಂಪನಿ 1949ರಲ್ಲಿ ತನ್ನ ಮೊದಲ ಪ್ಲಾಸ್ಟಿಕ್ ಇಟ್ಟಿಗೆ ಹೊರತಂದಿತು. ಆ ಇಟ್ಟಿಗೆಯ ಹೊಟ್ಟೆ ಖಾಲಿಯಾಗಿದ್ದುದರಿಂದ ಹಿಡಿತ ಸಾಲದಾಯಿತು. 1958ರ ಜನವರಿ 28ರಂದು ಪೇಟೆಂಟ್‌ಗೆ ಸಲ್ಲಿಸಿದ ಹೊಸ ವಿನ್ಯಾಸದಲ್ಲಿ ಇಟ್ಟಿಗೆಯ ಒಳಗೆ ಕೊಳವೆಗಳು ಬಂದವು. ಕೆಳಗಿನ ಇಟ್ಟಿಗೆಯ ಮೇಲ್ಮೈ ಉಬ್ಬುಗಳು ಮೇಲಿನ ಇಟ್ಟಿಗೆಯ ಗೋಡೆಗೂ ಕೊಳವೆಗೂ ನಡುವೆ ಬಿಗಿಯಾಗಿ ಸಿಕ್ಕಿಕೊಳ್ಳತೊಡಗಿದವು. ಆಟಿಕೆ ಇಟ್ಟಿಗೆಯ ಚರಿತ್ರೆ ತಿರುವು ಪಡೆದದ್ದು ಇಲ್ಲಿ. 1963ರಿಂದ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಬಳಕೆಗೆ ಬಂದು ಇಟ್ಟಿಗೆಯ ಆಕಾರವೂ ಬಣ್ಣವೂ ವರ್ಷಗಟ್ಟಲೆ ನಿಲ್ಲುವಂತಾಯಿತು.

ಈ ವ್ಯವಸ್ಥೆಯ ಶಕ್ತಿಯನ್ನು ಡೆನ್ಮಾರ್ಕಿನ ಗಣಿತಜ್ಞ ಸೋರೆನ್ ಐಲರ್ಸ್ ಲೆಕ್ಕ ಹಾಕಿ ತೋರಿಸಿದ್ದಾರೆ. ಒಂದೇ ಬಣ್ಣದ, ಎಂಟು ಉಬ್ಬಿನ ಆರು ಇಟ್ಟಿಗೆಗಳನ್ನು 91,51,03,765 ಬಗೆಯಲ್ಲಿ ಜೋಡಿಸಬಹುದು. ಮೂಲ ಪೇಟೆಂಟ್‌ಗಳ ಅವಧಿ ಮುಗಿದ ಮೇಲೆ ಬೇರೆ ಕಂಪನಿಗಳೂ ಲೆಗೋಗೆ ಹೊಂದುವ ಇಟ್ಟಿಗೆಗಳನ್ನು ತಯಾರಿಸತೊಡಗಿದವು. ಇಟ್ಟಿಗೆಯ ಆಕಾರವನ್ನೇ ಟ್ರೇಡ್‌ಮಾರ್ಕ್ ಆಗಿ ಉಳಿಸಿಕೊಳ್ಳುವ ಲೆಗೋದ ಪ್ರಯತ್ನವನ್ನು ಯೂರೋಪಿಯನ್ ನ್ಯಾಯಾಲಯ 2010ರಲ್ಲಿ ತಳ್ಳಿಹಾಕಿತು.

ಸೇನಾ ಮಾದರಿಗಳು ಬಂದ ದಾರಿ

ಮಾದರಿ ವಿಮಾನಗಳು ಯುದ್ಧಕಾಲದಲ್ಲಿ ನೇರ ಉಪಯೋಗಕ್ಕೆ ಬಂದದ್ದೂ ಇದೆ. 1942ರಲ್ಲಿ ಅಮೆರಿಕದ ನೌಕಾಪಡೆ ಅಲ್ಲಿನ ಶಾಲಾಮಕ್ಕಳಿಂದ ಐದು ಲಕ್ಷ ಮರದ ವಿಮಾನ ಮಾದರಿಗಳನ್ನು ಕೇಳಿತು. 1:72 ಪ್ರಮಾಣದಲ್ಲಿ ಕೆತ್ತಿ ಕಪ್ಪು ಬಣ್ಣ ಬಳಿದ ಆ ಮಾದರಿಗಳನ್ನು ತೋರಿಸಿ, ಆಕಾಶದಲ್ಲಿ ಕಾಣುವ ವಿಮಾನ ಸ್ವಪಕ್ಷದ್ದೋ ಶತ್ರುವಿನದೋ ಎಂದು ಗುರುತಿಸಲು ಸೈನಿಕರಿಗೆ ಕಲಿಸಲಾಯಿತು. ಪ್ಲಾಸ್ಟಿಕ್ ಮಾದರಿಗಳಲ್ಲಿ ಇಂದಿಗೂ 1:72 ಬಹು ಬಳಕೆಯ ಪ್ರಮಾಣ.

ಆಟಿಕೆ ಇಟ್ಟಿಗೆಯ ಲೋಕದಲ್ಲಿ ಮಾತ್ರ ಸೇನೆಯ ವಿಷಯಕ್ಕೆ ತಡೆಯಿತ್ತು. ಮಕ್ಕಳು ಇಂದಿನ ಯುದ್ಧಭೂಮಿಗಳಲ್ಲಿ ಗುರುತಿಸಬಹುದಾದಂಥ ನೈಜ ಆಯುಧ ಮತ್ತು ಸೇನಾ ಸಲಕರಣೆಗಳನ್ನು ತಯಾರಿಸುವುದಿಲ್ಲ ಎಂಬುದು ಲೆಗೋ ಕಂಪನಿಯ ಪ್ರಕಟಿತ ನೀತಿ. ಆದರೆ ಹಳೆಯದಾದ, ಮೊದಲ ಮಹಾಯುದ್ಧದ ಸಾಪ್‌ವಿತ್ ಕ್ಯಾಮೆಲ್ ಎಂಬ ಎರಡು ರೆಕ್ಕೆಯ ವಿಮಾನವನ್ನು ಅದು 2001 ಮತ್ತು 2012ರಲ್ಲಿ ಹೊರತಂದಿತು. 2020ರಲ್ಲಿ ವಿ-22 ಆಸ್ಪ್ರೆ ಎಂಬ ಅಮೆರಿಕನ್ ಸೇನಾ ವಿಮಾನದ ಪೆಟ್ಟಿಗೆ ಬಿಡುಗಡೆಗೆ ಸಿದ್ಧವಾಗಿದ್ದಾಗ ಜರ್ಮನಿಯ ಶಾಂತಿವಾದಿ ಸಂಘಟನೆಯೊಂದು ಪ್ರತಿಭಟಿಸಿತು. ಕಂಪನಿ ಆ ಪೆಟ್ಟಿಗೆಯನ್ನು ಹಿಂದಕ್ಕೆ ಪಡೆಯಿತು.

ಆ ಜಾಗವನ್ನು ಇತರರು ತುಂಬಿದರು. ಪೋಲೆಂಡಿನ ಕೋಬಿ ಕಂಪನಿ ಎರಡನೆಯ ಮಹಾಯುದ್ಧದ ಟ್ಯಾಂಕ್, ವಿಮಾನ, ಹಡಗುಗಳನ್ನು ಮುಖ್ಯ ವಿಷಯ ಮಾಡಿಕೊಂಡಿತು. ಅದರ ಕಾರ್ಖಾನೆ ಇರುವ ಮಿಯೆಲೆಟ್ಸ್ ಪಟ್ಟಣ ವಿಮಾನ ತಯಾರಿಕೆಗೂ ಹೆಸರಾದದ್ದು. ಭಾರತೀಯ ವಾಯುಪಡೆಯ ಪೈಲಟ್‌ಗಳು 2004ರವರೆಗೆ ಹಾರಾಟ ಕಲಿತ ಇಸ್ಕ್ರಾ ಜೆಟ್ ತರಬೇತಿ ವಿಮಾನ ಆ ಪಟ್ಟಣದ್ದೇ. ಚೀನಾದ ಸ್ಲುಬನ್ ಕಡಿಮೆ ಬೆಲೆಯ ಪೆಟ್ಟಿಗೆಗಳನ್ನು ತಂದಿತು. ಅಮೆರಿಕದ ಬ್ರಿಕ್‌ಮೇನಿಯಾ, ಬ್ರಿಕ್‌ಆರ್ಮ್ಸ್ ಮುಂತಾದ ಸಣ್ಣ ಉದ್ಯಮಗಳು ದೊಡ್ಡವರ ಹವ್ಯಾಸಕ್ಕೆ ಬೇಕಾದ ಬಿಡಿಭಾಗ ಮತ್ತು ಕಟ್ಟುವ ಕ್ರಮಗಳನ್ನು ಒದಗಿಸಿದವು. ಆಸ್ಟ್ರೇಲಿಯಾದ ಜೇಮ್ಸ್ ಜೆಸಿಮನ್ 1995ರಲ್ಲಿ ರೂಪಿಸಿದ ಎಲ್‌ಡ್ರಾ ಎಂಬ ಉಚಿತ ತಂತ್ರಾಂಶ ಕಂಪ್ಯೂಟರಿನಲ್ಲೇ ಮಾದರಿ ಕಟ್ಟಿ ನೋಡುವ ಅನುಕೂಲ ಕೊಟ್ಟಿತು. ಕೈಯಲ್ಲಿ ಇಟ್ಟಿಗೆ ಇಲ್ಲದವರೂ ಇದರಿಂದ ವಿನ್ಯಾಸ ಮಾಡಬಲ್ಲರು.

ಅಳತೆ ಮತ್ತು ಪ್ರಮಾಣ

ಇಟ್ಟಿಗೆಯ ಗಣಿತ ಸರಳ. ಒಂದು ಉಬ್ಬಿನ ನಡುವಿನಿಂದ ಪಕ್ಕದ ಉಬ್ಬಿನ ನಡುವಿಗೆ 8 ಮಿಲಿಮೀಟರ್. ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್. ಪ್ಲೇಟ್ ಎಂಬ ತೆಳು ತುಂಡಿನ ಎತ್ತರ 3.2 ಮಿಲಿಮೀಟರ್. ಮೂರು ಪ್ಲೇಟ್ ಸೇರಿದರೆ ಒಂದು ಇಟ್ಟಿಗೆ. ಐದು ಪ್ಲೇಟ್ ಪೇರಿಸಿದರೆ 16 ಮಿಲಿಮೀಟರ್, ಅಂದರೆ ಸರಿಯಾಗಿ ಎರಡು ಉಬ್ಬಿನ ಅಗಲ. ಈ ಕೊನೆಯ ಲೆಕ್ಕ ನುರಿತವರಿಗೆ ಮಂತ್ರವಿದ್ದಂತೆ. ಉಬ್ಬುಗಳು ಮೇಲ್ಮುಖವಾಗಿಯೇ ಇರಬೇಕೆಂಬ ಕಟ್ಟು ಮುರಿದು, ಪಕ್ಕಕ್ಕೂ ಕೆಳಕ್ಕೂ ತಿರುಗಿಸಿ ಕಟ್ಟುವ ವಿಧಾನಕ್ಕೆ ಇದೇ ಆಧಾರ. ಹವ್ಯಾಸಿಗಳು ಇದನ್ನು ‘ಸ್ನಾಟ್’ ಎನ್ನುತ್ತಾರೆ. ಟ್ಯಾಂಕಿನ ಪಕ್ಕದ ನಯವಾದ ಕವಚ, ವಿಮಾನದ ದುಂಡು ಒಡಲು ಈ ವಿಧಾನದಿಂದಲೇ ಸಾಧ್ಯ.

ಕಟ್ಟುವ ಮುನ್ನ ಪ್ರಮಾಣ ನಿಶ್ಚಯಿಸಬೇಕು. ಮೂಲ ಯಂತ್ರದ ಅಳತೆಯನ್ನು ಮಿಲಿಮೀಟರಿಗೆ ತಂದು, ಪ್ರಮಾಣದಿಂದ ಭಾಗಿಸಿ, ಬಂದದ್ದನ್ನು 8ರಿಂದ ಭಾಗಿಸಿದರೆ ಎಷ್ಟು ಉಬ್ಬು ಬೇಕೆಂದು ತಿಳಿಯುತ್ತದೆ. ಪ್ರೌಢಶಾಲೆಯ ಅನುಪಾತದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗುವುದು ಕಷ್ಟ. ಇಟ್ಟಿಗೆ ಲೋಕದ ಪುಟ್ಟ ಮನುಷ್ಯಾಕೃತಿಯ ಎತ್ತರ ಸುಮಾರು 40 ಮಿಲಿಮೀಟರ್. ಅದು ಮೂಲ ಮನುಷ್ಯನಿಗಿಂತ ಅಡ್ಡಕ್ಕೆ ದಪ್ಪ. ಹೀಗಾಗಿ ಅದಕ್ಕೆ ಹೊಂದುವಂಥ ಟ್ಯಾಂಕನ್ನು 1:35ರ ಆಸುಪಾಸಿನಲ್ಲಿಯೂ ವಿಮಾನವನ್ನು 1:40ರ ಆಸುಪಾಸಿನಲ್ಲಿಯೂ ಕಟ್ಟುವುದು ರೂಢಿ.

ಟ್ಯಾಂಕ್ ಕಟ್ಟುವ ಬಗೆ

ಟ್ಯಾಂಕಿಗೆ ಮೂರು ಭಾಗ: ಕೆಳಗೆ ಚೈನು ಮತ್ತು ಚಕ್ರಗಳು, ನಡುವೆ ಒಡಲು, ಮೇಲೆ ತಿರುಗುವ ಟರೆಟ್. ಸೋವಿಯತ್ ವಿನ್ಯಾಸದ ಟಿ-55 ಉದಾಹರಣೆ ತೆಗೆದುಕೊಳ್ಳಬಹುದು. ಭಾರತೀಯ ಸೇನೆ 1971ರ ಯುದ್ಧದಲ್ಲಿ ಬಳಸಿದ ಈ ಟ್ಯಾಂಕಿನ ಒಡಲಿನ ಉದ್ದ ಸುಮಾರು 6.45 ಮೀಟರ್, ಎತ್ತರ ಸುಮಾರು 2.4 ಮೀಟರ್. 1:35ರಲ್ಲಿ ಅದು 23 ಉಬ್ಬು ಉದ್ದ, ಏಳು ಇಟ್ಟಿಗೆ ಎತ್ತರ, ಸುಮಾರು 12 ಉಬ್ಬು ಅಗಲ. ಪ್ರತಿ ಬದಿಗೆ ಐದು ದೊಡ್ಡ ಚಕ್ರ. ಮೊದಲ ಮತ್ತು ಎರಡನೆಯ ಚಕ್ರದ ನಡುವೆ ಮಾತ್ರ ಹೆಚ್ಚಿನ ಸಂದು ಇರುತ್ತದೆ. ಈ ಒಂದು ಸಂದನ್ನು ಗಮನಿಸಿ ಕಟ್ಟಿದರೆ ನೋಡಿದ ಕೂಡಲೇ ಟಿ-55 ಎಂದು ತಿಳಿಯುತ್ತದೆ. ಬಿಟ್ಟರೆ ಅದು ಯಾವುದೋ ಒಂದು ಟ್ಯಾಂಕ್. ಟರೆಟ್ ಬೋರಲು ಹಾಕಿದ ಬಟ್ಟಲಿನ ಆಕಾರದ್ದು. ಇಳಿಜಾರಿನ ತುಂಡುಗಳನ್ನು ನಾಲ್ಕು ದಿಕ್ಕಿಗೂ ಹೊರಮುಖವಾಗಿ ಜೋಡಿಸಿ ಆ ದುಂಡನ್ನು ತರಬೇಕು. ಫಿರಂಗಿಗೆ ಕೊಳವೆ ತುಂಡುಗಳನ್ನು ಪೋಣಿಸಿದರೆ ಸಾಕು. ಅದು ಭಾರಕ್ಕೆ ಬಾಗದಂತೆ ಒಳಗೆ ಒಂದು ಅಚ್ಚುಕಡ್ಡಿ ಸೇರಿಸುವುದು ಒಳ್ಳೆಯದು.

ಚೈನು ಎರಡು ಬಗೆಯಲ್ಲಿ ಸಿಗುತ್ತದೆ. ರಬ್ಬರಿನ ಒಂದೇ ಪಟ್ಟಿ ಸುಲಭ, ಆದರೆ ಅದರ ಉದ್ದ ಬದಲಿಸಲಾಗದು. ಕೊಂಡಿ ಕೊಂಡಿಯಾಗಿ ಸೇರಿಸುವ ಪ್ಲಾಸ್ಟಿಕ್ ಚೈನನ್ನು ಬೇಕಾದಷ್ಟೇ ಉದ್ದಕ್ಕೆ ಮಾಡಿಕೊಳ್ಳಬಹುದು. ಚೈನು ತೀರ ಬಿಗಿಯಾದರೆ ಚಕ್ರ ತಿರುಗದು, ಸಡಿಲವಾದರೆ ಕಳಚಿಕೊಳ್ಳುತ್ತದೆ. ನಿಜವಾದ ಟ್ಯಾಂಕಿನ ಸಿಬ್ಬಂದಿಗೂ ಇದೇ ನಿತ್ಯದ ತಲೆನೋವು. ಬಣ್ಣದ ವಿಷಯದಲ್ಲಿ ಆಲಿವ್ ಹಸುರಿನ ಇಟ್ಟಿಗೆ ಬಿಡಿಯಾಗಿ ಸಿಗುವುದು ಕಡಿಮೆ. ಹಳೆಯ ಮತ್ತು ಹೊಸ ಬೂದುಬಣ್ಣಗಳೂ ಒಂದೇ ಅಲ್ಲ. ಲೆಗೋ 2004ರ ಹೊತ್ತಿಗೆ ತನ್ನ ಬೂದುಬಣ್ಣವನ್ನು ನೀಲಿಯ ಕಡೆಗೆ ತಿರುಗಿಸಿದ್ದರಿಂದ ಎರಡೂ ಬೆರೆತರೆ ಮಾದರಿ ತೇಪೆ ಹಾಕಿದಂತೆ ಕಾಣುತ್ತದೆ.

ವಿಮಾನ ಕಟ್ಟುವ ಬಗೆ

ವಿಮಾನ ಟ್ಯಾಂಕಿಗಿಂತ ಕಠಿಣ. ಚೌಕದ ಇಟ್ಟಿಗೆಯಿಂದ ಓರೆ ಅಂಚು, ದುಂಡು ಮೈ, ತೆಳು ರೆಕ್ಕೆ ಎಲ್ಲವನ್ನೂ ತರಬೇಕು. ರೆಕ್ಕೆಯ ಓರೆಯನ್ನು ಮೊದಲು ಲೆಕ್ಕಕ್ಕೆ ತರಬೇಕು. ಮಿಗ್-21ರ ತ್ರಿಕೋನ ರೆಕ್ಕೆಯ ಮುಂಚೂಣಿ 57 ಡಿಗ್ರಿ ಹಿಂದಕ್ಕೆ ಓರೆಯಾಗಿದೆ. ಇಟ್ಟಿಗೆಯ ಭಾಷೆಯಲ್ಲಿ ಹೇಳಿದರೆ ಒಡಲಿನಿಂದ ಪಕ್ಕಕ್ಕೆ ಎರಡು ಉಬ್ಬು ಸರಿದಾಗ ಹಿಂದಕ್ಕೆ ಮೂರು ಉಬ್ಬು ಸರಿಯಬೇಕು. ಬೆಣೆಯಾಕಾರದ ಪ್ಲೇಟ್‌ಗಳಿಂದ ಇದನ್ನು ಹೆಚ್ಚುಕಡಿಮೆ ನಿಖರವಾಗಿ ಸಾಧಿಸಬಹುದು. ಮಿಗ್-21 ಭಾರತೀಯ ವಾಯುಪಡೆಗೆ 1963ರಲ್ಲಿ ಸೇರಿ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಿದಾಯ ಪಡೆಯಿತು. ಆರು ದಶಕ ದೇಶದ ಆಕಾಶ ಕಾದ ಈ ವಿಮಾನದ ಚೂಪು ಮೂಗು, ಅದರ ಸುತ್ತಲಿನ ಗಾಳಿಬಾಯಿ ಮತ್ತು ಕೊಳವೆಯಂಥ ಒಡಲು ಹೊಸದಾಗಿ ಕಟ್ಟುವವರಿಗೆ ಒಳ್ಳೆಯ ಆರಂಭ.

ಮಾದರಿ ತನ್ನ ಕಾಲಮೇಲೆ ನಿಲ್ಲುವಂತೆ ತೂಕ ಹಂಚುವುದು ಮುಂದಿನ ಕೆಲಸ. ಹಿಂಭಾಗ ಭಾರವಾದರೆ ಮೂಗಿನ ಚಕ್ರ ಮೇಲಕ್ಕೇಳುತ್ತದೆ. ಆಗ ಮುಂಭಾಗದ ಒಳಗೆ ಹೆಚ್ಚು ಇಟ್ಟಿಗೆ ತುಂಬಬೇಕು. ನಿಜವಾದ ವಿಮಾನದ ವಿನ್ಯಾಸಕರೂ ಗುರುತ್ವಕೇಂದ್ರದ ಇದೇ ಲೆಕ್ಕದಲ್ಲಿ ತೊಡಗಿರುತ್ತಾರೆ. ಹೆಲಿಕಾಪ್ಟರಿನಲ್ಲಿ ಉದ್ದನೆಯ ರೋಟರ್ ರೆಕ್ಕೆಗಳು ತಮ್ಮ ತೂಕಕ್ಕೆ ತಾವೇ ಜೋತುಬೀಳುತ್ತವೆ. ಎರಡು ಪದರ ಪ್ಲೇಟ್‌ಗಳನ್ನು ಸಂದು ತಪ್ಪಿಸಿ ಹೆಣೆದರೆ ಅವು ನಿಲ್ಲುತ್ತವೆ.

ಕರ್ನಾಟಕದ ಯಂತ್ರಗಳು

1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯೇ ಇಂದಿನ ಹಿಂದೂಸ್ತಾನ್ ಏರೋನಾಟಿಕ್ಸ್, ಅಂದರೆ ಎಚ್‌ಎಎಲ್. 1951ರ ಆಗಸ್ಟ್‌ನಲ್ಲಿ ಮೊದಲು ಹಾರಿದ ಎಚ್‌ಟಿ-2 ತರಬೇತಿ ವಿಮಾನದಿಂದ ಹಿಡಿದು ಎಷ್ಟೋ ವಿಮಾನಗಳು ಇಲ್ಲಿ ಹುಟ್ಟಿವೆ. ಇಟ್ಟಿಗೆಯಲ್ಲಿ ಕಟ್ಟಲು ಇವುಗಳಲ್ಲಿ ಮೂರು ವಿಶೇಷವಾಗಿ ತಕ್ಕವು.

ಮೊದಲನೆಯದು ಎಚ್‌ಎಫ್-24 ಮಾರುತ್. ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ರೂಪುಗೊಂಡ ಇದು 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿತು. ಒಟ್ಟು 147 ಮಾರುತ್‌ಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಇವು ಕೆಲಸ ಮಾಡಿದವು. ಉದ್ದ 15.87 ಮೀಟರ್, ರೆಕ್ಕೆಯ ಹರವು 9 ಮೀಟರ್. 1:40ರಲ್ಲಿ ಸುಮಾರು 50 ಉಬ್ಬು ಉದ್ದ, 28 ಉಬ್ಬು ಅಗಲ. ರೆಕ್ಕೆ ಸೇರುವಲ್ಲಿ ಇದರ ಒಡಲು ಸಣ್ಣದಾಗಿ ಮತ್ತೆ ಹಿಗ್ಗುತ್ತದೆ. ಶಬ್ದದ ವೇಗದ ಹತ್ತಿರ ಗಾಳಿಯ ತಡೆ ಕಡಿಮೆಯಾಗಲೆಂದು ಮಾಡಿದ ಆಕಾರವಿದು. ಕಟ್ಟುವವರು ಅರ್ಧ ಉಬ್ಬು ಸರಿಸುವ ವಿಶೇಷ ಪ್ಲೇಟ್‌ಗಳಿಂದ ಈ ಸಣ್ಣ ನಡುವನ್ನು ತರಬಹುದು. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಹೊರಗೂ ಎಚ್‌ಎಎಲ್ ಪಾರಂಪರಿಕ ಕೇಂದ್ರದಲ್ಲಿಯೂ ಮಾರುತ್ ನೋಡಲು ಸಿಗುತ್ತದೆ. ಇದರ ಪರೀಕ್ಷಾ ಪೈಲಟ್ ಸುರಂಜನ್ ದಾಸ್ 1970ರಲ್ಲಿ ಮಾರುತ್ ಅಪಘಾತದಲ್ಲಿ ಮಡಿದರು. ಅವರ ಹೆಸರಿನ ರಸ್ತೆ ಬೆಂಗಳೂರಿನಲ್ಲಿದೆ.

ಎರಡನೆಯದು 2001ರ ಜನವರಿ 4ರಂದು ಬೆಂಗಳೂರಿನಲ್ಲಿಯೇ ಮೊದಲು ಹಾರಿದ ತೇಜಸ್. 13.2 ಮೀಟರ್ ಉದ್ದ, 8.2 ಮೀಟರ್ ಹರವು. 1:40ರಲ್ಲಿ 41 ಉಬ್ಬು ಉದ್ದ, 26 ಉಬ್ಬು ಅಗಲ. ಇದಕ್ಕೆ ಹಿಂದಿನ ಅಡ್ಡಬಾಲವಿಲ್ಲ. ತ್ರಿಕೋನ ರೆಕ್ಕೆಯ ಮುಂಚೂಣಿಯಲ್ಲಿ ಎರಡು ಬೇರೆ ಬೇರೆ ಓರೆಗಳಿವೆ. ಎರಡು ಅಳತೆಯ ಬೆಣೆ ಪ್ಲೇಟ್ ಬಳಸಿದರೆ ಈ ಮುರಿತ ಚೆನ್ನಾಗಿ ಮೂಡುತ್ತದೆ.

ಮೂರನೆಯದು ಕಿರಣ್ ತರಬೇತಿ ಜೆಟ್. ಬೀದರ್ ವಾಯುನೆಲೆಯಲ್ಲಿ 1996ರಲ್ಲಿ ರೂಪುಗೊಂಡ ಸೂರ್ಯಕಿರಣ್ ತಂಡ ಮೊದಲು ಹಾರಿಸಿದ್ದು ಕಿರಣ್ ವಿಮಾನಗಳನ್ನೇ. ಈಗ ಆ ತಂಡದ ಬಳಿ ಹಾಕ್ ಜೆಟ್‌ಗಳಿವೆ. ಕೆಂಪು ಮತ್ತು ಬಿಳಿ ಬಣ್ಣದ ಈ ವಿಮಾನಗಳು ಆರಂಭಿಕರಿಗೆ ಹೇಳಿ ಮಾಡಿಸಿದಂತಿವೆ. ಯಾವ ಮನೆಯ ಇಟ್ಟಿಗೆ ಡಬ್ಬಿಯಲ್ಲಾದರೂ ಮೊದಲು ಸಿಗುವುದು ಕೆಂಪು ಮತ್ತು ಬಿಳಿ. ಸೇನಾ ಹಸುರಿಗಾಗಿ ಹುಡುಕಬೇಕಾದ ಕಷ್ಟ ಇಲ್ಲಿಲ್ಲ. ಒಂಬತ್ತು ಪುಟ್ಟ ಮಾದರಿ ಮಾಡಿ ವಜ್ರಾಕಾರದಲ್ಲಿ ಜೋಡಿಸಿದರೆ ಆ ತಂಡದ ಹಾರಾಟದ ವಿನ್ಯಾಸವೇ ಮೇಜಿನ ಮೇಲೆ ನಿಲ್ಲುತ್ತದೆ.

ನೆಲದ ವಾಹನಗಳಲ್ಲಿ ಕೆಜಿಎಫ್‌ನ ಬಿಇಎಂಎಲ್ ಹೆಸರು ಹೇಳಬೇಕು. 1964ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಕೆಟ್ಟು ನಿಂತ ಟ್ಯಾಂಕುಗಳನ್ನು ಎಳೆದು ತರುವ ಕವಚವಾಹನ ಮತ್ತು ಎಂಟು ಚಕ್ರದ ಟಾಟ್ರಾ ಲಾರಿಗಳನ್ನು ಸೇನೆಗೆ ಕೊಟ್ಟಿದೆ. ಗುಂಡು ಹಾರಿಸದ, ದಾರಿ ಮಾಡಿಕೊಡುವ ಈ ಗಾಡಿಗಳ ಮೇಲೆ ಮಾದರಿಕಾರರ ಗಮನ ಹರಿದಿರುವುದು ಸಾಲದು. ಕ್ರೇನಿನ ತೋಳು, ಹಗ್ಗ ಸುತ್ತುವ ರಾಟೆ, ಒಟ್ಟಿಗೆ ತಿರುಗುವ ಮುಂದಿನ ನಾಲ್ಕು ಚಕ್ರ ಇವೆಲ್ಲ ಚಲಿಸುವ ಭಾಗಗಳನ್ನು ಕಟ್ಟಲು ಕಲಿಸುತ್ತವೆ.

ಕೊಡಗಿನ ನೆಲೆ

ಕಕ್ಕಬೆ ಕೊಡಗಿನ ಮಡಿಕೇರಿ ತಾಲ್ಲೂಕಿನ ಹಳ್ಳಿ. ಕೊಡಗಿನ ಅತಿ ಎತ್ತರದ ತಡಿಯಂಡಮೋಳ್ (1,748 ಮೀಟರ್), ದೊಡ್ಡವೀರರಾಜೇಂದ್ರ 18ನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆ, ಪಾಡಿ ಇಗ್ಗುತಪ್ಪ ದೇವಸ್ಥಾನ ಇಲ್ಲಿನ ಹೆಗ್ಗುರುತುಗಳು. ಕಾಫಿ, ಜೇನು, ಏಲಕ್ಕಿಯ ಈ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಳೆ ಬಿಡದೆ ಸುರಿಯುತ್ತದೆ. ಮಕ್ಕಳು ಮನೆಯೊಳಗೇ ಕಳೆಯುವ ಆ ತಿಂಗಳುಗಳಲ್ಲಿ ತುಕ್ಕು ಹಿಡಿಯದ, ನೆನೆದರೂ ಉಬ್ಬದ ಪ್ಲಾಸ್ಟಿಕ್ ಇಟ್ಟಿಗೆ ತಕ್ಕ ಆಟಿಕೆ.

ಕೊಡವರ ಬದುಕಿನಲ್ಲಿ ಆಯುಧದ ಕಿರುರೂಪಕ್ಕೆ ಇಟ್ಟಿಗೆಗಿಂತ ಎಷ್ಟೋ ಹಳೆಯ ಸ್ಥಾನವಿದೆ. ಗಂಡುಮಗು ಹುಟ್ಟಿದಾಗ ಹರಳುಗಿಡದ ಕಡ್ಡಿಯಿಂದ ಪುಟ್ಟ ಬಿಲ್ಲು ಬಾಣ ಮಾಡಿ ಅದರ ಕೈಗೆ ಮುಟ್ಟಿಸಿ, ಹೊರಗೆ ಗುಂಡು ಹಾರಿಸುವುದು ಹಿಂದಿನಿಂದ ಬಂದ ಸಂಪ್ರದಾಯ. ಗದ್ದೆನಾಟಿ ಮುಗಿದ ಮೇಲೆ ಸೆಪ್ಟೆಂಬರ್ 3ರ ಹೊತ್ತಿಗೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತೊಳೆದು ಒಟ್ಟಿಗೆ ಇಟ್ಟು, ತೋಕ್ ಪೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಆಯುಧ ಇಲ್ಲಿ ಗೌರವದಿಂದ ಮುಟ್ಟಬೇಕಾದ, ಹೊಣೆಯಿಂದ ಕಾಪಾಡಬೇಕಾದ ವಸ್ತು.

ಮಾದರಿಕಾರರಿಗೆ ಕೊಡಗು ಕೊಡುವ ದೊಡ್ಡ ವಿಷಯ 1948ರ ಜೋಜಿಲಾ ಕಾಳಗ. ಕಾಶ್ಮೀರ ಮತ್ತು ಲಡಾಖ್ ನಡುವಿನ, ಸುಮಾರು 3,500 ಮೀಟರ್ ಎತ್ತರದ ಆ ಕಣಿವೆಯಲ್ಲಿ ಕಾಲಾಳುಗಳ ದಾಳಿ ಫಲಿಸದಾಗ ಟ್ಯಾಂಕ್ ಹತ್ತಿಸುವ ನಿರ್ಧಾರವಾಯಿತು. ಪಶ್ಚಿಮ ಸೇನೆಯ ಮುಖ್ಯಸ್ಥರಾಗಿದ್ದವರು ಶನಿವಾರಸಂತೆಯಲ್ಲಿ ಹುಟ್ಟಿದ ಕೆ.ಎಂ. ಕಾರ್ಯಪ್ಪ. ಅಲ್ಲಿನ ಡಿವಿಜನ್ ನಡೆಸುತ್ತಿದ್ದವರು ಮಡಿಕೇರಿಯ ಕೆ.ಎಸ್. ತಿಮ್ಮಯ್ಯ. 7ನೆಯ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಗುಟ್ಟು ಬಯಲಾಗದಂತೆ ಟರೆಟ್ ಬಿಚ್ಚಿ ಸಾಗಿಸಿದರು. ಬೆಂಗಳೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್ ಸೈನಿಕರು ಹೇಸರಗತ್ತೆಯ ದಾರಿಯನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದರು. ನವೆಂಬರ್ 1ರಂದು, ಹಿಮ ಬೀಳುವ ಹೊತ್ತಿನಲ್ಲಿ, ಟ್ಯಾಂಕುಗಳು ಕಣಿವೆಯನ್ನು ನುಗ್ಗಿ ತೆರವು ಮಾಡಿದವು. ಅಷ್ಟು ಎತ್ತರದಲ್ಲಿ ಟ್ಯಾಂಕ್ ಬಳಸಿದ್ದು ಅದುವರೆಗೆ ಯುದ್ಧಚರಿತ್ರೆಯಲ್ಲಿ ಕಾಣದ ಸಂಗತಿ.

ಸ್ಟುವರ್ಟ್ ಸುಮಾರು 15 ಟನ್ ತೂಕದ ಹಗುರ ಟ್ಯಾಂಕ್. ಫಿರಂಗಿ 37 ಮಿಲಿಮೀಟರ್‌ನದು. ಪ್ರತಿ ಬದಿಗೆ ಎರಡೆರಡರಂತೆ ಜೋಡಿಸಿದ ನಾಲ್ಕು ಚಕ್ರ, ಹಿಂದೆ ನೆಲಕ್ಕೆ ತಾಗುವ ದೊಡ್ಡ ಚಕ್ರ ಇದರ ಗುರುತು. ಜೋಜಿಲಾಗೆ ಹೋದ ಎಂ5 ಮಾದರಿಯಲ್ಲಿ ಎರಡು ಕ್ಯಾಡಿಲಾಕ್ ಎಂಜಿನ್‌ಗಳಿಗೆ ಜಾಗ ಮಾಡಲು ಹಿಂಭಾಗದ ಮುಚ್ಚಳವನ್ನು ಎತ್ತರಿಸಲಾಗಿತ್ತು. ಮೈಯೆಲ್ಲ ಚಪ್ಪಟೆ ಹಲಗೆಗಳಾದ್ದರಿಂದ ಇಟ್ಟಿಗೆಗೆ ಇದು ಟಿ-55ಗಿಂತ ಸುಲಭ. ಟರೆಟ್ ಕಳಚಿ ಹಾಕುವಂತೆ ಕಟ್ಟಿದರೆ ಆ ಕಾಳಗದ ಉಪಾಯವನ್ನೂ ಮಾದರಿ ತೋರಿಸುತ್ತದೆ.

ಎರಡನೆಯ ವಿಷಯ ಆಕಾಶದ್ದು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ತಮ್ಮ ಮಿಸ್ಟೇರ್ ವಿಮಾನದಲ್ಲಿದ್ದರು. ಶಬ್ದದ ಎರಡು ಪಟ್ಟು ವೇಗದ ಎಫ್-104 ಸ್ಟಾರ್‌ಫೈಟರ್ ಬೆನ್ನುಹತ್ತಿತು. ಪೆಟ್ಟು ತಿಂದ ವಿಮಾನದಲ್ಲಿಯೇ ದೇವಯ್ಯ ಅದನ್ನು ಹೊಡೆದುರುಳಿಸಿದರು, ತಾವು ಮರಳಲಿಲ್ಲ. ಎಷ್ಟೋ ವರ್ಷಗಳ ನಂತರ ಸತ್ಯ ಹೊರಬಂದು 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಎರಡೂ ವಿಮಾನಗಳನ್ನು 1:40ರಲ್ಲಿ ಪಕ್ಕಪಕ್ಕ ಕಟ್ಟಿದರೆ ಆ ಸಾಹಸದ ಅಳತೆ ಸಿಗುತ್ತದೆ. ಮಿಸ್ಟೇರ್ 40 ಉಬ್ಬು ಉದ್ದ, 35 ಉಬ್ಬು ಹರವು. ಸ್ಟಾರ್‌ಫೈಟರ್ 52 ಉಬ್ಬು ಉದ್ದ, ಹರವು ಬರಿಯ 21. ಒಂದು ಅಗಲ ರೆಕ್ಕೆಯ, ನಿಧಾನದ, ಸುಲಭವಾಗಿ ತಿರುಗುವ ವಿಮಾನ. ಇನ್ನೊಂದು ವೇಗಕ್ಕೆಂದೇ ಮಾಡಿದ ಈಟಿ. ವೇಗದ ವಿಮಾನವನ್ನು ತಿರುವಿನ ಕಾಳಗಕ್ಕೆ ಎಳೆದರೆ ನಿಧಾನದ್ದಕ್ಕೂ ಅವಕಾಶ ಉಂಟೆಂಬುದನ್ನು ಈ ಎರಡು ರೆಕ್ಕೆಗಳೇ ಹೇಳುತ್ತವೆ.

ಅದೇ ಯುದ್ಧದ ಸೆಪ್ಟೆಂಬರ್ 22ರಂದು ಕಾರ್ಯಪ್ಪನವರ ಮಗ ಕೆ.ಸಿ. ಕಾರ್ಯಪ್ಪ ಹಾರಿಸುತ್ತಿದ್ದ ಹಂಟರ್ ವಿಮಾನ ಉರುಳಿ ಅವರು ಸೆರೆಯಾದರು. ಬಿಡುಗಡೆಯಾಗಿ ಬಂದು ಮುಂದೆ ಏರ್ ಮಾರ್ಷಲ್ ಹುದ್ದೆಗೇರಿದರು. ಹಂಟರ್ 1:40ರಲ್ಲಿ 44 ಉಬ್ಬು ಉದ್ದ, 32 ಉಬ್ಬು ಹರವು.

ನಿಜವಾದ ಯಂತ್ರವನ್ನು ಕಣ್ಣಾರೆ ನೋಡಲು ಕಕ್ಕಬೆಯ ಮಕ್ಕಳು ಬೆಂಗಳೂರಿಗೆ ಹೋಗಬೇಕಿಲ್ಲ. ಮಡಿಕೇರಿಯ ‘ಸನ್ನಿಸೈಡ್’, ಜನರಲ್ ತಿಮ್ಮಯ್ಯನವರ ಮನೆ, 2021ರ ಫೆಬ್ರುವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಂದ ವಸ್ತುಸಂಗ್ರಹಾಲಯವಾಗಿ ಉದ್ಘಾಟನೆಗೊಂಡಿತು. ಅದರ ಆವರಣದಲ್ಲಿ ಯುದ್ಧ ಟ್ಯಾಂಕ್ ಮತ್ತು ಮಿಗ್ ಯುದ್ಧವಿಮಾನ ನಿಂತಿವೆ. ಚಕ್ರ ಎಣಿಸಬಹುದು, ರೆಕ್ಕೆಯ ಓರೆ ಬರೆದುಕೊಳ್ಳಬಹುದು, ನಾಲ್ಕು ಬದಿಯಿಂದ ಫೋಟೊ ತೆಗೆಯಬಹುದು. ಮಾದರಿಕಾರರಿಗೆ ಇದಕ್ಕಿಂತ ಒಳ್ಳೆಯ ನಕ್ಷೆ ಬೇಕಿಲ್ಲ.

ಆಟಿಕೆ ಉದ್ಯಮ ಮತ್ತು ಬೆಲೆ

ಕರ್ನಾಟಕಕ್ಕೆ ಆಟಿಕೆ ಹೊಸದಲ್ಲ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಆಟಿಕೆಗಳೂ ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳೂ ಭೌಗೋಳಿಕ ಗುರುತು ಪಡೆದಿವೆ. ಪ್ಲಾಸ್ಟಿಕ್ ಇಟ್ಟಿಗೆ ಮಾತ್ರ ಬಹುಕಾಲ ಹೊರಗಿನಿಂದಲೇ ಬಂತು. ಕೇಂದ್ರ ಸರ್ಕಾರ 2020ರಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಇದರಿಂದ ವಿದೇಶಿ ಪೆಟ್ಟಿಗೆಗಳು ದುಬಾರಿಯಾದವು. ದೇಶದೊಳಗಿನ ತಯಾರಿಕೆಗೆ ದಾರಿಯಾಯಿತು. 2021ರಲ್ಲಿ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಆಟಿಕೆ ಕ್ಲಸ್ಟರ್‌ಗೆ ಶಂಕುಸ್ಥಾಪನೆಯಾಯಿತು. ಅದರ ಹಿಂದಿರುವ ಏಕಸ್ ಕಂಪನಿ ಬೆಳಗಾವಿಯಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ಸಂಸ್ಥೆ. ವಿಮಾನ ಬಲ್ಲವರೇ ಆಟಿಕೆಗೂ ಬಂದಿರುವಾಗ ಮಾರುತ್, ತೇಜಸ್‌ಗಳ ಇಟ್ಟಿಗೆ ಪೆಟ್ಟಿಗೆ ಇಲ್ಲಿಂದಲೇ ಬರಲೆಂದು ಆಶಿಸುವುದು ಹೆಚ್ಚಿನ ಆಸೆಯಲ್ಲ.

ಬಿಡಿ ಇಟ್ಟಿಗೆ ಕೊಳ್ಳುವುದು, ಹಳೆಯ ಪೆಟ್ಟಿಗೆಗಳನ್ನು ನೆಂಟರಿಷ್ಟರಿಂದ ಪಡೆಯುವುದು, ನಾಲ್ಕಾರು ಮಕ್ಕಳು ತಮ್ಮ ಡಬ್ಬಿಗಳನ್ನು ಒಟ್ಟು ಸೇರಿಸುವುದು ಖರ್ಚು ಇಳಿಸುವ ದಾರಿಗಳು. ಮೂರು ವರ್ಷದೊಳಗಿನ ಮಕ್ಕಳ ಬಾಯಿಗೆ ಸಣ್ಣ ತುಂಡುಗಳು ಸಿಗದಂತೆ ನೋಡಿಕೊಳ್ಳಬೇಕು. ಬಿಸಿಲಿಗೆ ಬಿಳಿ ಮತ್ತು ಬೂದು ಇಟ್ಟಿಗೆಗಳು ಹಳದಿಯಾಗುತ್ತವೆ, ಕಪಾಟಿನಲ್ಲಿಡುವುದು ಲೇಸು.

ಮಕ್ಕಳ ಕೈಗೆ ಯುದ್ಧ?

ಮಕ್ಕಳು ಯುದ್ಧದ ಯಂತ್ರಗಳೊಂದಿಗೆ ಆಡಬಹುದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಆಟಿಕೆ ಕಂಪನಿಗಳ ಹಿಂಜರಿಕೆಗೂ ಶಾಂತಿವಾದಿಗಳ ವಿರೋಧಕ್ಕೂ ಕಾರಣವಿದೆ. ಯುದ್ಧವನ್ನು ಬರಿಯ ಗುಂಡಿನ ಸದ್ದೆಂದು ತಿಳಿದು ಬೆಳೆಯುವ ಮಗು ಅದರ ನೋವನ್ನು ಅರಿಯದು. ಆದರೆ ಕಟ್ಟುವುದಕ್ಕೂ ಹೊಡೆದಾಡುವ ಆಟಕ್ಕೂ ವ್ಯತ್ಯಾಸವಿದೆ. ಒಂದು ಮಿಸ್ಟೇರ್ ಕಟ್ಟಲು ಮಗು ಆ ವಿಮಾನದ ಅಳತೆ ಹುಡುಕಬೇಕು, ಹಾರಿಸಿದವರು ಯಾರೆಂದು ಓದಬೇಕು, ಮರಳಿ ಬಾರದವರ ಮನೆಯವರು ಸತ್ಯಕ್ಕಾಗಿ ವರ್ಷಗಟ್ಟಲೆ ಕಾದದ್ದನ್ನು ತಿಳಿಯಬೇಕು. ಸೇನೆಗೆ ಮಕ್ಕಳನ್ನು ಕಳಿಸಿ ಪೆಟ್ಟಿಗೆಯಲ್ಲಿ ಮರಳಿ ಪಡೆದ ಮನೆಗಳು ಕೊಡಗಿನಲ್ಲಿವೆ. ಅಂಥ ನಾಡಿನಲ್ಲಿ ಈ ಹವ್ಯಾಸ ಹಗುರವಾಗಲು ಸಾಧ್ಯವಿಲ್ಲ, ಆಗಲೂಬಾರದು. ಪ್ರತಿ ಮಾದರಿಯ ಜೊತೆ ಅದರ ಯಂತ್ರ, ಕಾಳಗ ಮತ್ತು ಯೋಧರ ಕುರಿತು ಒಂದು ಪುಟದ ಕನ್ನಡ ಟಿಪ್ಪಣಿ ಇರಿಸುವುದು ಒಳ್ಳೆಯ ಪದ್ಧತಿಯಾದೀತು.

ಕೂಡಿಗೆಯ ಸೈನಿಕ ಶಾಲೆಯಿಂದ ಹಿಡಿದು ಹಳ್ಳಿಯ ಪ್ರೌಢಶಾಲೆಯವರೆಗೆ ಎಲ್ಲ ಕಡೆ ಇದಕ್ಕೆ ಜಾಗವಿದೆ. ಗಣಿತದ ಅನುಪಾತ, ವಿಜ್ಞಾನದ ಗುರುತ್ವಕೇಂದ್ರ, ಇತಿಹಾಸದ ಜೋಜಿಲಾ ಮೂರೂ ಒಂದೇ ಮೇಜಿನ ಮೇಲೆ ಸೇರುವ ಪಾಠಗಳು ಹೆಚ್ಚಿಲ್ಲ. ಶಿಕ್ಷಕರೂ ಹೆತ್ತವರೂ ಮಕ್ಕಳನ್ನು ಒಮ್ಮೆ ಸನ್ನಿಸೈಡಿಗೆ ಕರೆದೊಯ್ಯಲಿ, ಅಲ್ಲಿನ ಟ್ಯಾಂಕಿನ ಚಕ್ರ ಎಣಿಸಲು ಹೇಳಲಿ. ನಿವೃತ್ತ ಯೋಧರು ತಾವು ಓಡಿಸಿದ, ಹಾರಿಸಿದ ಯಂತ್ರಗಳ ವಿವರವನ್ನು ಮಕ್ಕಳ ಪಕ್ಕ ಕೂತು ತಿಳಿಸಲಿ. ವಿದೇಶದ ಪೆಟ್ಟಿಗೆಗಾಗಿ ಕಾಯದೆ ಮಕ್ಕಳು ಮನೆಯಲ್ಲಿರುವ ಇಟ್ಟಿಗೆಗಳಿಂದಲೇ ಮೊದಲ ಸ್ಟುವರ್ಟ್ ಟ್ಯಾಂಕ್ ಕಟ್ಟಲು ಆರಂಭಿಸಲಿ.